ಅತ್ತೆ ನುಂಗದ ಪದಗಳು

"ಆಮ್ಲಕ್ಕೆ ನೀರನ್ನು ಸುರಿಯ" ಎಂದು ಹೇಳಿ ರಸಾಯನಶಾಸ್ತ್ರದ ಪಾಠ ಒಂದು ಕ್ಷಣ ಸುಮ್ಮನಾಗುತ್ತಿತ್ತು. ಆಮೇಲೆ ಏನೂ ನಡೆದಿಲ್ಲವೆಂಬಂತೆ "ಇದನ್ನು ವಿದ್ಯಾರ್ಥಿಗಳು ಎಂದಿಗೂ ಮರೆಯಕೂಡದು" ಎಂದು ಮುಂದುವರಿಯುತ್ತಿತ್ತು.

ಧ್ವನಿಪುಸ್ತಕ ಕೇಂದ್ರಕ್ಕೆ ಫೋನ್ ಮಾಡಿದ ವಿದ್ಯಾರ್ಥಿನಿಯ ದೂರು ಸಂಕ್ಷಿಪ್ತವಾಗಿತ್ತು.

"ಸಾರ್, ಮರೆಯಲ್ಲ. ಆದ್ರೆ ಯಾವುದನ್ನ ಮರೀಬಾರ್ದು? ಸುರಿಯಬೇಕು ಅನ್ನೋದನ್ನೋ, ಸುರಿಯಬಾರದು ಅನ್ನೋದನ್ನೋ?"

ಫೋನ್ ಎತ್ತಿದ ನಿರ್ದೇಶಕರು ವಾಣಿಜ್ಯಶಾಸ್ತ್ರ ಓದಿದವರು. "ವಿಚಾರಿಸಿ ಹೇಳ್ತೀನಮ್ಮ. ಅಲ್ಲೀವರೆಗೂ ಯಾವುದಕ್ಕೂ ಏನನ್ನೂ ಸುರೀಬೇಡ" ಎಂದು ಫೋನ್ ಇಟ್ಟರು. ಈ ಉತ್ತರ ಅರ್ಧದಷ್ಟಾದರೂ ಸರಿಯಾಗಿತ್ತು ಎಂದು ದಾಖಲಿಸುವುದು ನ್ಯಾಯ.

ಅದೇ ವಾರ ಇತಿಹಾಸದ ಕಡೆಯಿಂದಲೂ ದೂರು ಬಂತು. "ಪಟ್ಟಕ್ಕೆ ಬಂದ ಕೂಡಲೇ ರಾಜನು ತನ್ನ ತಮ್ಮನನ್ನು ಕೊಂ" ಎಂಬಲ್ಲಿಗೆ ಪಾಠ ತಡವರಿಸಿತ್ತು. ಅರ್ಧ ತರಗತಿ ಕೊಂದ ಎಂದು ಬರೆದಿತ್ತು, ಇನ್ನರ್ಧ ಕೊಂಡಾಡಿದ ಎಂದು. ಎರಡಕ್ಕೂ ಅಂಕ ಕೊಡಬೇಕೆಂದು ಪೋಷಕರ ವಾದ.

ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ಧ್ವನಿ ಮುದ್ರಿಸಿಕೊಡುವುದು ಆ ಕೇಂದ್ರದ ಕೆಲಸ. ಕವಿತೆ, ಕಥೆಗಳನ್ನು ಸ್ವಯಂಸೇವಕರು ತಮ್ಮ ತಮ್ಮ ಮನೆಯಲ್ಲಿ ಫೋನಿಗೆ ಓದಿ ಕಳುಹಿಸುತ್ತಿದ್ದರು. ಕೇಂದ್ರದ ಗಾಜಿನ ಕೋಣೆಯಲ್ಲಿ ಕುಳಿತು, ಕೇಂದ್ರದ ಕಂಪ್ಯೂಟರಿಗೆ ಓದುತ್ತಿದ್ದವರು ಒಬ್ಬರೇ. ನಿವೃತ್ತ ಶಾಲಾ ಶಿಕ್ಷಕಿ. ಅವರು ಓದಿದ ಭೂಗೋಳ ಕೇಳಿ ನದಿಗಳೇ ದಾರಿ ಸರಿಮಾಡಿಕೊಳ್ಳುತ್ತವೆ ಎಂದು ಹಳೆಯ ವಿದ್ಯಾರ್ಥಿಗಳು ಹೇಳುತ್ತಿದ್ದರು. ಕೇಂದ್ರದಲ್ಲಿ ಎಲ್ಲರೂ ಅವರನ್ನು ಅಮ್ಮ ಎನ್ನುತ್ತಿದ್ದರು, ಒಬ್ಬನನ್ನು ಬಿಟ್ಟು. ಆತ ಅತ್ತೆ ಎನ್ನುತ್ತಿದ್ದ. ಕಾರಣ, ಆತ ಅವರ ಅಳಿಯ.

ಅಳಿಯ ಅದೇ ಕೇಂದ್ರದ ಕಂಪ್ಯೂಟರ್ ನೋಡಿಕೊಳ್ಳುವವನು. ಅರ್ಹತೆಯ ಮೇಲೆಯೇ ಕೆಲಸ ಸಿಕ್ಕಿತೆಂದು ಆತ ಹೇಳುತ್ತಿದ್ದ. ತಮ್ಮ ಶಿಫಾರಸು ಇರಲೇ ಇಲ್ಲವೆಂದು ಅತ್ತೆಯೂ ಹೇಳುತ್ತಿದ್ದರು. ಇಬ್ಬರೂ ಒಪ್ಪುತ್ತಿದ್ದ ವಿಷಯ ಅದೊಂದೇ ಆದ್ದರಿಂದ ಯಾರೂ ನಂಬುತ್ತಿರಲಿಲ್ಲ. ಆಫೀಸಿನಲ್ಲಿ ಆತನ ಹೆಸರೇ "ಅಳಿಯಂದ್ರು" ಎಂದಾಗಿತ್ತು.

ದೂರುಗಳ ಕುರಿತು ನಿರ್ದೇಶಕರು ಬೇಗನೆ ಒಂದು ತೀರ್ಮಾನಕ್ಕೆ ಬಂದರು. ತೀರ್ಮಾನಕ್ಕೆ ಬೇಗ ಬರುವುದು ಅವರ ಹುದ್ದೆಯ ಲಕ್ಷಣ.

"ಅಮ್ಮಾ, ತಪ್ಪು ತಿಳೀಬೇಡಿ. ವಯಸ್ಸು ಅಂತ ಒಂದಿರುತ್ತೆ. ನೀವು ಅಲ್ಲಲ್ಲಿ ಪದ ನುಂಗ್ತಿದ್ದೀರಿ."

ಅತ್ತೆ ಕನ್ನಡಕ ತೆಗೆದು ಮಡಿಸಿಟ್ಟರು. ಅವರು ಕನ್ನಡಕ ಮಡಿಸಿದರೆ ಹಿಂದೆ ಇಡೀ ಶಾಲೆ ಎದ್ದು ನಿಲ್ಲುತ್ತಿತ್ತಂತೆ.

"ನಾನು ಜೀವನದಲ್ಲಿ ನುಂಗಿರೋದು ಅವಮಾನ ಮಾತ್ರ. ಅದರಲ್ಲಿ ಬಹುಪಾಲು ಈ ಅಳಿಯಂದ್ರದ್ದು. ಪದ ನುಂಗಿಲ್ಲ."

ನಿರ್ದೇಶಕರು ಗಂಟಲಿನ ವೈದ್ಯರನ್ನು ಕರೆಸಿದರು. ವೈದ್ಯರು ಅತ್ತೆಯ ಬಾಯಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು.

"ಏನಾದ್ರೂ ಕಾಣಿಸ್ತಾ ಡಾಕ್ಟ್ರೇ?"

"ಗಂಟಲು ಚೆನ್ನಾಗಿದೆ. ಪದಗಿದ ಏನೂ ಸಿಕ್ಕಿಹಾಕಿಕೊಂಡಿಲ್ಲ."

"ಹಾಗಾದ್ರೆ ಪೂರ್ತಿ ನುಂಗಿಬಿಟ್ಟಿದ್ದಾರೆ" ಎಂದರು ನಿರ್ದೇಶಕರು.

ಅತ್ತೆ ಅಲ್ಲೇ ನಿಂತು ಆಮ್ಲದ ಪಾಠವನ್ನು ಒಂದಕ್ಷರ ಬಿಡದೆ ಓದಿದರು. ಸುರಿಯಬಾರದು ಎಂಬುದು ಎಲ್ಲರಿಗೂ ಮೊದಲ ಬಾರಿಗೆ ಸ್ಪಷ್ಟವಾಯಿತು. ನಿರ್ದೇಶಕರು ಮಾತ್ರ ತಲೆಯಾಡಿಸಿದರು. "ಎದುರಿಗೆ ಸರಿ ಓದ್ತೀರಿ ಅಮ್ಮಾ. ಮೈಕ್ ಮುಂದೆ ವಯಸ್ಸು ಹೊರಗೆ ಬರುತ್ತೆ." ಮುಂದಿನ ಸಭೆಯಲ್ಲಿ ಓದು ಸಮಿತಿ ಹೊಸಬರನ್ನು ನೇಮಿಸಲಿದೆ ಎಂದೂ, ಅಮ್ಮನಿಗೆ ಒಂದು ಸನ್ಮಾನ ಇರುತ್ತದೆ ಎಂದೂ ತಿಳಿಸಿದರು. ಸನ್ಮಾನ ಎಂಬ ಪದ ಕೇಳಿದೊಡನೆ ಅತ್ತೆ ಚೀಲ ಎತ್ತಿಕೊಂಡು ಮನೆಗೆ ಹೊರಟರು.

ಮನೆಯಲ್ಲಿ ಅವರು ಊಟದ ತಟ್ಟೆ ಮುಂದಿಟ್ಟುಕೊಂಡು ಕುಳಿತೇ ಇದ್ದರು. ಮಗಳು ಗಂಡನನ್ನು ಅಡುಗೆಮನೆಗೆ ಕರೆದಳು.

"ರೀ, ಅಮ್ಮನಿಂದ ಆ ಕುರ್ಚಿ ಕಿತ್ಕೊಂಡ್ರೆ ಅವಳು ಉಳಿಯಲ್ಲ. ಏನಾದ್ರೂ ಮಾಡಿ."

"ಏನು ಮಾಡ್ಲಿ? ಕುರ್ಚಿ ಬೇಕಾದ್ರೆ ಮನೆಗೆ ತರ್ತೀನಿ."

ಹೆಂಡತಿ ಸೌಟನ್ನು ಕೆಳಗಿಟ್ಟಳು. "ಅವಳು ನುಂಗಿಲ್ಲ ಅಂದ್ಮೇಲೆ ನುಂಗಿದ್ದು ನಿಮ್ಮ ಡಬ್ಬಾನೇ. ಅದರ ಬಾಯಿ ತೆಗೆಸಿ ನೋಡಿ."

ಆ ಡಬ್ಬದ, ಅಂದರೆ ಕೇಂದ್ರದ ಕಂಪ್ಯೂಟರಿನ, ಪೂರ್ವಚರಿತ್ರೆ ಇಲ್ಲಿ ಅಗತ್ಯ. ಮೊದಲು ಅದರಲ್ಲಿ ಒಂದೇ ಡಿಸ್ಕ್ ಇತ್ತು. ಅದೊಂದು ದಿನ ಸತ್ತಿತು, ನಿರ್ದೇಶಕರು ಬೈದರು, ಅಳಿಯ ಹೆದರಿ ಎರಡು ಡಿಸ್ಕ್ ತಂದು, ಒಂದೇ ಬರಹ ಎರಡರ ಮೇಲೂ ಬೀಳುವಂತೆ ಜೋಡಿ ಮಾಡಿದ. ಪಕ್ಕದ ಬೀದಿಯಲ್ಲಿ ಯಾರದೋ ಕಂಪ್ಯೂಟರ್ ಕಳುವಾಯಿತು. ಆತ ಹೆದರಿ ಜೋಡಿಯ ಮೇಲೆ ಗುಪ್ತಲಿಪಿಯ ಪದರ ಹಾಸಿದ. ಇನ್ನು ಕದ್ದವನಿಗೆ ಅದರೊಳಗಿರುವುದು ಪಾಠವೋ ಜೋಗುಳವೋ ತಿಳಿಯದು. ಜಾಗ ಸಾಲದಾದೀತೆಂದು ಹೆದರಿ, ಬೇಕಾದಾಗ ಹಿಗ್ಗಿಸಬಹುದಾದ ಡಿಸ್ಕಿನಂಥದೊಂದು ಪದರವನ್ನು ಅದರ ಮೇಲೆ ಹಾಸಿದ. ಎಲ್ಲಕ್ಕೂ ಮೇಲೆ ಫೈಲುಗಳ ಪದರ. ಒಮ್ಮೆ ಕರೆಂಟು ಹೋಗಿ ಒಂದು ಪಾಠದ ತುದಿ ಕಳೆದಾಗ, ಧ್ವನಿ ಮುದ್ರಿಸುವ ಪ್ರೋಗ್ರಾಮಿಗೆ ತಾಕೀತು ಮಾಡಿದ: ಕೊಟ್ಟದ್ದು ಡಿಸ್ಕ್ ಮುಟ್ಟಿತೆಂದು ಉತ್ತರ ಬರುವವರೆಗೆ ಮುಂದಿನದನ್ನು ಕಳುಹಿಸಕೂಡದು. ಹೀಗೆ ಹೆದರಿಕೆಗೊಂದು ಪದರದಂತೆ, ಲಿನಕ್ಸ್ ಎಂಬ ವ್ಯವಸ್ಥೆಯ ಮೇಲೆ ನಡೆಯುವ ಆ ಯಂತ್ರ ಬೆಳೆದಿತ್ತು. ಚಳಿಗೆ ಸ್ವೆಟರಿನ ಮೇಲೆ ಸ್ವೆಟರ್ ಹಾಕಿಸಿಕೊಂಡ ಮಗುವಿನಂತೆ ಅದಕ್ಕೆ ಕೈ ಎತ್ತುವುದೂ ಕಷ್ಟವಾಗಿತ್ತು.

ಹೆಂಡತಿಯ ಮಾತಿನಂತೆ ಅಳಿಯ ಡಬ್ಬದ ಬಾಯಿ ತೆಗೆಸಿದ. ಯಾವ ಪದರದಲ್ಲಿ ಎಷ್ಟು ಬರಹ, ಎಷ್ಟು ಓದು ನಡೆಯುತ್ತಿದೆ ಎಂದು ತೋರಿಸುವ ಆಜ್ಞೆಗಳು ಲಿನಕ್ಸಿನಲ್ಲಿ ಬೇಕಾದಷ್ಟಿವೆ. ಅತ್ತೆ ಒಂದು ಪಾಠ ಓದುತ್ತಿದ್ದಾಗ ಪರದೆಯ ಮೇಲೆ ಬಂದ ಸಾಲುಗಳನ್ನೆಲ್ಲ ಆತ ಕೂಡಿದ. ಮೊತ್ತ ನೋಡಿ ಮತ್ತೊಮ್ಮೆ ಕೂಡಿದ. ಅತ್ತೆ ಓದಿದ್ದಕ್ಕಿಂತ ಅದೆಷ್ಟೋ ಪಟ್ಟು ಹೆಚ್ಚು ಬರಹ ಡಿಸ್ಕಿಗೆ ಬೀಳುತ್ತಿತ್ತು.

ಓಡಿಹೋಗಿ ನಿರ್ದೇಶಕರ ಬಾಗಿಲು ತಟ್ಟಿದ. "ಸಾರ್! ಅತ್ತೆ ಓದ್ತಿರೋವಾಗ ಇನ್ಯಾರೋ ಕದ್ದು ಬರೀತಿದ್ದಾರೆ!"

"ಯಾರು?"

"ಗೊತ್ತಿಲ್ಲ. ಆದ್ರೆ ಒಬ್ಬರ ಕೈಲಿ ಆಗೋ ಕೆಲಸ ಅಲ್ಲ."

ಸಂಜೆಯೊಳಗೆ ಕೇಂದ್ರದ ವಾತಾವರಣ ಬದಲಾಯಿತು. ಲೆಕ್ಕಪತ್ರದ ಮೇಡಂ ತಮ್ಮ ಕಂಪ್ಯೂಟರಿನಲ್ಲಿ ಸಿನಿಮಾ ತುಂಬಿದ್ದಾರೆಂದು ಹಬ್ಬಿತು. ಅವರು ಅಳುತ್ತಾ ತಮ್ಮ ಕಂಪ್ಯೂಟರ್ ತೆರೆದು ತೋರಿಸಿದರು. ಇದ್ದದ್ದು ಮೊಮ್ಮಗನ ಫೋಟೋಗಳು. ಅದನ್ನೆಲ್ಲ ಎಲ್ಲರೂ ಕುಳಿತು ನೋಡಿ ಮೆಚ್ಚಬೇಕಾಯಿತು. ಮರುದಿನದ ಮಧ್ಯಾಹ್ನವೆಲ್ಲ ಅದಕ್ಕೇ ಹೋಯಿತು. ನಿರ್ದೇಶಕರು ತನಿಖೆಯನ್ನು ಗೇಟಿನ ಕಾವಲಿಗಿದ್ದ ದಫೇದಾರರಿಗೆ ಒಪ್ಪಿಸಿದರು. ಅವರು ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿದ್ದರು. ಮೀಸೆಗೆ ಮಾತ್ರ ಇನ್ನೂ ನಿವೃತ್ತಿಯಾಗಿರಲಿಲ್ಲ.

ದಫೇದಾರರು ಕಂಪ್ಯೂಟರ್ ಕೋಣೆಯಲ್ಲಿ ಕುರ್ಚಿ ಹಾಕಿ ಕುಳಿತರು.

"ಅಳಿಯಂದ್ರೇ, ಬರೆದವನ ಹೆಸರು ಈ ಮೆಷಿನ್ನು ಹೇಳಲ್ವಾ?"

"ಹೇಳುತ್ತೆ. ಮೇಲಿನ ಪದರದಲ್ಲಿ ಅತ್ತೆ ಧ್ವನಿ ಮುದ್ರಿಸೋ ಪ್ರೋಗ್ರಾಮಿನ ಹೆಸರೇ ಇದೆ. ಗುಪ್ತಲಿಪಿ ಪದರದಿಂದ ಕೆಳಗೆ ಬೇರೆ ಹೆಸರು ಬರುತ್ತೆ."

"ಯಾರು ಆ ಮಹಾನುಭಾವ?"

"ಯಾರೂ ಅಲ್ಲ. ಸಿಸ್ಟಮ್ಮಿನದೇ ಹಮಾಲಿ. ಮೂಟೆ ಹೊರೋನು."

"ಹಮಾಲಿ ಸಿಕ್ಕಿದ್ದಾನೆ ಅಂದ್ರೆ ಮಾಲು ಯಾರದ್ದು ಅಂತ ಬಾಯಿ ಬಿಡಿಸ್ಬೋದು. ಕರೀರಿ ಅವನನ್ನ."

"ಕರೆಯೋಕೆ ಅವನಿಗೆ ಕಿವಿ ಇಲ್ಲ ದಫೇದಾರ್ರೇ."

"ನಮ್ಮ ಕಾಲದಲ್ಲೂ ಎಲ್ಲರೂ ಹಾಗೇ ಅಂತಿದ್ರು" ಎಂದು ದಫೇದಾರರು ಮೀಸೆ ನೀವಿದರು.

ಪ್ರತಿಯೊಂದು ಬರಹದ ಜಾಡನ್ನೂ ಬಿಡದೆ ಹಿಡಿಯಲು ಅಳಿಯ ನಿರ್ಧರಿಸಿದ. ಯಾವ ಬರಹ ಎಲ್ಲಿಂದ ಹೊರಟಿತು, ಎಲ್ಲಿ ನಿಂತಿತು, ಎಲ್ಲಿ ಇಳಿಯಿತು ಎಂಬ ವರದಿಯನ್ನು ಒಂದು ಫೈಲಿಗೆ ಬರೆಸತೊಡಗಿದ. ಪರಿಣಾಮ ಭಯಂಕರವಾಗಿತ್ತು. ಕಾವಲು ಇಟ್ಟ ಗಳಿಗೆಯಿಂದ ಕಳ್ಳ ಹಗಲುದರೋಡೆಗೆ ಇಳಿದ. ಡಿಸ್ಕಿನ ದೀಪ ಮಿಟುಕುವುದನ್ನು ಬಿಟ್ಟು ಉರಿಯುತ್ತಲೇ ನಿಂತಿತು.

"ಸುಳಿವು ಸಿಕ್ಕಿದೆ ಅವನಿಗೆ. ಓಡಿಹೋಗೋ ಮುಂಚೆ ಇದ್ದದ್ದೆಲ್ಲ ಬಾಚ್ಕೊಳ್ತಿದ್ದಾನೆ" ಎಂದರು ದಫೇದಾರರು.

ನಿರ್ದೇಶಕರ ಆದೇಶದಂತೆ ಕೇಂದ್ರದ ಕೆಲಸವೆಲ್ಲ ನಿಂತಿತು. ಲೆಕ್ಕಪತ್ರದ ಕಂಪ್ಯೂಟರಿನ ತಂತಿ ಕಿತ್ತರು. ಅತ್ತೆಯನ್ನು ಗಾಜಿನ ಕೋಣೆಯಿಂದ ಹೊರಗೆ ಕೂರಿಸಿದರು. ಎಲ್ಲರೂ ಅಂಗಳಕ್ಕೆ ಬಂದು ನಿಂತರು. ಬೆಂಕಿ ಅನಾಹುತವೆಂದು ತಿಳಿದು ಎದುರಿನ ದರ್ಜಿಯವನು ಬಕೆಟಿನಲ್ಲಿ ನೀರು ತಂದ. ಒಳಗೆ ಅಳಿಯ ಮತ್ತು ದಫೇದಾರರು ಇಬ್ಬರೇ. ಡಿಸ್ಕಿನ ದೀಪ ಮಾತ್ರ ಉರಿಯುತ್ತಲೇ ಇತ್ತು.

ದಫೇದಾರರು ಕೋಣೆಯನ್ನು ಒಮ್ಮೆ, ಮೇಜಿನ ಅಡಿಯನ್ನು ಒಮ್ಮೆ ನೋಡಿದರು. ಆಮೇಲೆ ಅಳಿಯನನ್ನು ನೋಡಿದರು.

"ಅಳಿಯಂದ್ರೇ, ಈ ಕೋಣೇಲಿ ಇರೋದು ನಾವಿಬ್ಬರು. ನನಗೆ ಕಂಪ್ಯೂಟರ್ ಬರಲ್ಲ. ನಮ್ಮ ಇಲಾಖೇಲಿ ಇಂಥ ಕೇಸು ಬೇಗ ಮುಗೀತಿತ್ತು."

ಅಳಿಯ ಪರದೆಗೆ ತಿರುಗಿದ. ಜಾಡಿನ ವರದಿ ಬೀಳುತ್ತಿದ್ದದ್ದು ಅದೇ ಡಿಸ್ಕಿನ ಮೇಲೆ! ಒಂದು ಬರಹ ಕಂಡರೆ ಅದರ ಬಗ್ಗೆ ಒಂದು ಸಾಲು ಬರೆಯುವುದು. ಆ ಸಾಲೂ ಬರಹವೇ ಆದ್ದರಿಂದ ಅದರ ಬಗ್ಗೆ ಇನ್ನೊಂದು ಸಾಲು. ಅದರ ಬಗ್ಗೆ ಮತ್ತೊಂದು. ಕಾವಲುಗಾರ ತನ್ನ ಹೆಜ್ಜೆಸಪ್ಪಳಕ್ಕೆ ತಾನೇ "ಯಾರದು?" ಎಂದು ಕೂಗುತ್ತಾ ಮನೆಯನ್ನು ಸುತ್ತುತ್ತಿದ್ದ.

"ನಾನೇ" ಎಂದ ಅಳಿಯ ಸಣ್ಣ ದನಿಯಲ್ಲಿ.

ದಫೇದಾರರು ಕಿಟಕಿಯಿಂದ ಅಂಗಳಕ್ಕೆ ಕೂಗಿದರು: "ಒಪ್ಕೊಂಡಿದ್ದಾರೆ!"

ಅಂಗಳದಲ್ಲಿ ಆದ ಪ್ರತಿಕ್ರಿಯೆಯ ವಿವರ ಅನಗತ್ಯ. ಲೆಕ್ಕಪತ್ರದ ಮೇಡಂ ಚಪ್ಪಾಳೆ ತಟ್ಟಿದರು. ದರ್ಜಿಯವನು ನೀರನ್ನು ಗಿಡಕ್ಕೆ ಸುರಿದು ಹೋದ. ಅತ್ತೆ ಆಕಾಶ ನೋಡಿ, "ಇಂಥವರನ್ನ ನಾನೇ ಹುಡುಕಿ ತಂದೆ" ಎಂದಷ್ಟೇ ಹೇಳಿದರು.

ಇಲ್ಲಿಗೆ ಬೇರೆ ಯಾರಾದರೂ ಆಗಿದ್ದರೆ ಕೈಬಿಡುತ್ತಿದ್ದರು. ಅಳಿಯನ ಬಗ್ಗೆ ಏನೇ ಹೇಳಲಿ, ಆತನಿಗೆ ಕೈಬಿಡುವುದು ಗೊತ್ತಿರಲಿಲ್ಲ. ಮರುದಿನ ಜಾಡಿನ ವರದಿಯನ್ನು ಬೇರೊಂದು ಕಂಪ್ಯೂಟರಿಗೆ ಹೋಗುವಂತೆ ಮಾಡಿದ. ದೀಪ ಮಿಟುಕಲು ತೊಡಗಿತು. ಆದರೂ ಮೊತ್ತ ಹೆಚ್ಚೇ ಬರುತ್ತಿತ್ತು. ಅತ್ತೆ ಮನೆಯಲ್ಲಿ ಆತನೊಂದಿಗೆ ಮಾತು ಬಿಟ್ಟಿದ್ದರು.

ಮಾತು ಬಿಟ್ಟರೂ ಸಂಸಾರ ನಡೆಯಬೇಕಲ್ಲ. ಆ ಮಧ್ಯಾಹ್ನ ಆಫೀಸಿನಲ್ಲಿ ಹೆಂಡತಿಯ ಫೋನ್ ಬಂತು: "ರೀ, ಬಚ್ಚಲಮನೆ ನಲ್ಲಿ ಸೋರ್ತಿದೆ." ಗೇಟಿನ ಹತ್ತಿರ ದಫೇದಾರರು ತಡೆದರು: "ನಿಮ್ಮನೇಲಿ ನೀರು ನಿಲ್ತಾನೇ ಇಲ್ವಂತೆ, ಬೇಗ ಹೋಗಿ." ಮನೆಯ ಕೆಳಗೆ ಮಾಲೀಕರು ಕಾಯುತ್ತಿದ್ದರು: "ಏನ್ರೀ, ನಿಮ್ಮ ಪೈಪ್ ಒಡೆದಿದೆಯಂತೆ?" ಅಳಿಯ ಸಾಮಾನಿನ ಅಂಗಡಿಗೆ ಹೋಗಿ ಒಂದು ನಲ್ಲಿ, ಒಂದು ಪೈಪು, ನೀರು ನಿಲ್ಲಿಸುವ ಇನ್ನೊಂದು ತಿರುಗಣೆ ಕೊಂಡುಕೊಂಡು ಮೇಲೆ ಬಂದ.

ಹೆಂಡತಿ ಅದನ್ನೆಲ್ಲ ನೋಡಿದಳು. "ಇದೇನ್ರೀ ಅಂಗಡಿ?"

"ನೀನು ನಲ್ಲಿ ಸೋರ್ತಿದೆ ಅಂದೆ, ನೀರು ನಿಲ್ತಿಲ್ಲ ಅಂದ್ರು, ಪೈಪ್ ಒಡೆದಿದೆ ಅಂದ್ರು. ಮೂರೂ ತಂದಿದ್ದೀನಿ."

"ಅಯ್ಯೋ ದೇವರೇ! ಅಮ್ಮ ನನಗೆ ಹೇಳಿದ್ಲು. ನಾನು ನಿಮಗೆ ಫೋನ್ ಮಾಡ್ದೆ, ನೀವು ಮರೆತ್ರೆ ಅಂತ ದಫೇದಾರ್ರಿಗೂ ಮಾಡ್ದೆ, ಅವರು ಮಾಲೀಕರಿಗೆ ಹೇಳಿದ್ರು. ಸೋರ್ತಿರೋದು ಒಂದೇ ನಲ್ಲಿ ಕಣ್ರೀ. ಬಾಯಿ ಮೂರು!"

ಅಳಿಯ ಪೈಪ್ ಹಿಡಿದುಕೊಂಡೇ ನಿಂತ. ಮುಖ ಅರಳಿತು.

"ಒಂದೇ ನಲ್ಲಿ!" ಎಂದ. "ಒಂದೇ ನಲ್ಲಿ, ಬಾಯಿ ಮೂರು! ನಾನು ಬಾಯಿಗಳನ್ನ ಕೂಡ್ತಾ ಇದ್ದೆ ಕಣೇ!"

ನಲ್ಲಿ ರಿಪೇರಿ ಮಾಡದೆ ಆತ ಆಫೀಸಿಗೆ ವಾಪಸು ಓಡಿದ. ನಲ್ಲಿಯನ್ನು ಮಾಲೀಕರೇ ಸರಿಮಾಡಿದರು.

ಅತ್ತೆ ಒಂದು ಮಾತು ಓದಿದರೆ ಫೈಲಿನ ಪದರ ಒಂದು ಬರಹ ಎಂದು ಎಣಿಸುತ್ತದೆ. ಅದನ್ನೇ ಕೆಳಗಿನ ಪದರ ತನ್ನ ಲೆಕ್ಕದಲ್ಲಿ ಒಂದು ಎನ್ನುತ್ತದೆ. ಗುಪ್ತಲಿಪಿಯ ಪದರ ಇನ್ನೊಂದು. ಜೋಡಿ ಡಿಸ್ಕುಗಳು ಒಂದೊಂದು. ಮಾತು ಒಂದೇ, ಹಾದುಹೋದ ಬಾಗಿಲುಗಳು ಹಲವು. ಅಳಿಯ ಕೂಡುವುದನ್ನು ಬಿಟ್ಟು ಹಿಂಬಾಲಿಸುವುದನ್ನು ಹಿಡಿದ. ಒಂದೇ ಒಂದು ಬರಹವನ್ನು ಆರಿಸಿಕೊಂಡು, ಮೇಲಿನ ಪದರದಲ್ಲಿ ಅದರ ವಿಳಾಸ ಏನು, ಕೆಳಗಿಳಿದಾಗ ಅದು ಯಾವ ಹೊಸ ವಿಳಾಸವಾಯಿತು, ಅಲ್ಲಿಂದ ಮುಂದೆ ಏನಾಯಿತು ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿದ. ಇದು ಸುಲಭವಲ್ಲ. ಸಂತೆಯಲ್ಲಿ ಬಾಗಿಲಿಗೊಂದು ಅಂಗಿ ಬದಲಿಸುವ ಮನುಷ್ಯನ ಹಿಂದೆ ಹೋದಂತೆ. ಛತ್ರಿ ಎಲ್ಲಿಟ್ಟೆನೆಂದು ನೆನಪಿರದ ಆತ ಇದನ್ನು ಕಣ್ಣು ಕದಲಿಸದೆ ಮಾಡಿದ.

ಮಾಡಿದಾಗ ಕಂಡದ್ದು ವಿಚಿತ್ರವಾಗಿತ್ತು. ಅತ್ತೆ ಬರೆಸುತ್ತಿದ್ದಾರೆ, ಯಾರೂ ಡಿಸ್ಕಿನಿಂದ ಏನನ್ನೂ ಓದಿಸುತ್ತಿಲ್ಲ. ಆದರೂ ಕೆಳಗೆ ಡಿಸ್ಕುಗಳು ಓದುತ್ತಿವೆ. ಬರೆಯುವಾಗ ಓದುವುದೇಕೆ?

ಉತ್ತರ ಹಿಗ್ಗಿಸುವ ಪದರದಲ್ಲೇ ಇತ್ತು. ಯಂತ್ರವನ್ನು ಮುಟ್ಟುವ ಮೊದಲು ಅಳಿಯನಿಗೆ ಒಂದು ಹೆದರಿಕೆ: ಏನಾದರೂ ಕೆಟ್ಟರೆ? ಅದಕ್ಕಾಗಿ ಪ್ರತಿ ಸಲವೂ ಆ ಕ್ಷಣದ ಸ್ಥಿತಿಯನ್ನು ಹಾಗೆಯೇ ಕಾಪಾಡುವ ಒಂದು ಸ್ನ್ಯಾಪ್‌ಶಾಟ್ ತೆಗೆದಿಡುತ್ತಿದ್ದ. ಕೆಲಸ ಮುಗಿದ ಮೇಲೆ ತೆಗೆದುಹಾಕುವುದನ್ನು ಮರೆಯುತ್ತಿದ್ದ. ಹೊಸ ಮಾತೊಂದು ಬಂದಾಗಲೆಲ್ಲ ಆ ಪದರ, "ತಡಿ, ಈ ಜಾಗದಲ್ಲಿ ಮೊದಲು ಏನಿತ್ತೋ ನೋಡೋಣ" ಎಂದು ಹಳೆಯದನ್ನು ಓದಿ, ಮರೆತುಹೋದ ಒಂದೊಂದು ಸ್ನ್ಯಾಪ್‌ಶಾಟಿಗೂ ಒಂದೊಂದು ನಕಲು ಮಾಡಿ, ಆಮೇಲೆ ಹೊಸದನ್ನು ಒಳಗೆ ಬಿಡುತ್ತಿತ್ತು. ಅಷ್ಟರವರೆಗೆ ಧ್ವನಿಯ ಪ್ರೋಗ್ರಾಮು ಉತ್ತರಕ್ಕೆ ಕಾಯುತ್ತಿತ್ತು. ಕಾಯುವಾಗ ಮಾತು ಹಿಡಿದಿಡಲು ಅದರ ಕೈಯಲ್ಲಿದ್ದ ಪಾತ್ರೆ ಸಣ್ಣದು. ಅದು ತುಂಬಿ ಹೊರಗೆ ಚೆಲ್ಲಿದ್ದೇ "ಬಾರದು", ಚೆಲ್ಲಿದ್ದೇ "ಕೊಂ" ಮುಂದಿನ "ದ".

ರಾಜ ತಮ್ಮನನ್ನು ಕೊಂದಿದ್ದ ಎಂಬುದನ್ನೂ ಇಲ್ಲೇ ಖಚಿತಪಡಿಸಬಹುದು.

ಅಳಿಯ ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದ. ಆಕೆ ಬಟ್ಟೆ ಮಡಿಸುವುದನ್ನು ನಿಲ್ಲಿಸಿದಳು.

"ಅಂದ್ರೆ ನುಂಗಿದ್ದು ನೀವು."

"ಹೂಂ."

"ಹೇಳಿದ್ರೆ ನಿಮ್ಮ ಕೆಲಸಕ್ಕೆ ಕುತ್ತು."

"ಹೂಂ. ಸುಮ್ನೆ ಸ್ನ್ಯಾಪ್‌ಶಾಟ್ ಅಳಿಸಿಬಿಟ್ರೆ ಯಾರಿಗೂ ಗೊತ್ತಾಗಲ್ಲ. ನಾಳೆಯಿಂದ ಎಲ್ಲ ಸರಿಯಾಗಿರುತ್ತೆ."

"ನಾಳೆಯಿಂದ ಓದೋದು ಹೊಸಬರಲ್ವಾ? ಆಗ ಎಲ್ಲರೂ ಏನಂತಾರೆ? ಮುದುಕಿ ಹೋದ್ಲು, ಪಾಠ ಸರಿಹೋಯ್ತು ಅಂತಾರೆ."

ಅಳಿಯ ಆಗ ಏನು ಯೋಚಿಸಿದ ಎಂಬುದಕ್ಕೆ ಸಾಕ್ಷಿಯಿಲ್ಲ. ಒಂದು ಚೊಂಬು ನೀರು ಪೂರ್ತಿ ಕುಡಿದ ಎಂಬುದಕ್ಕೆ ಹೆಂಡತಿಯೇ ಸಾಕ್ಷಿ. ಸ್ನ್ಯಾಪ್‌ಶಾಟುಗಳನ್ನು ಅಳಿಸಲಿಲ್ಲ ಎಂಬುದು ಮಾತ್ರ ಸಭೆಯ ದಿನ ಎಲ್ಲರಿಗೂ ತಿಳಿಯಿತು.

ಸಭೆಗೆ ಓದು ಸಮಿತಿಯ ಅಧ್ಯಕ್ಷೆ ಬಂದಿದ್ದರು. ಸ್ವತಃ ಕಣ್ಣು ಕಾಣದವರು. ಕಾಲೇಜಿನಲ್ಲಿ ಪಾಠ ಹೇಳುವವರು. ಮೇಜಿನ ಮೇಲೆ ಸನ್ಮಾನದ ಹಾರ ಕವರಿನೊಳಗೆ ಸಿದ್ಧವಾಗಿತ್ತು. ನಿರ್ದೇಶಕರು "ನಮ್ಮ ಪೂಜ್ಯ ಅಮ್ಮನವರು" ಎಂದು ಆರಂಭಿಸುತ್ತಿದ್ದಂತೆ ಅಳಿಯ ಎದ್ದು ನಿಂತ. ಏಳುವಾಗ ಕುರ್ಚಿ ಬಿತ್ತು.

"ಮೇಡಂ, ಪದ ನುಂಗಿದ್ದು ಅತ್ತೆ ಅಲ್ಲ, ಯಂತ್ರ. ಇಲ್ಲೇ, ಈಗಲೇ ತೋರಿಸ್ತೀನಿ."

"ಮತ್ತೆ ಕಳ್ಳ ಬಂದ್ನೇನ್ರೀ?" ಎಂದರು ನಿರ್ದೇಶಕರು.

ಅಧ್ಯಕ್ಷೆ ಕೈ ಎತ್ತಿದರು. "ತೋರಿಸಲಿ. ನನಗೆ ಕೇಳಿಸಿದ್ರೆ ಸಾಕು."

ಗಾಜಿನ ಕೋಣೆಯ ಬಾಗಿಲನ್ನು ತೆರೆದೇ ಇಟ್ಟರು, ಬಾಯಿಂದ ಬಂದದ್ದು ನೇರವಾಗಿ ಎಲ್ಲರ ಕಿವಿಗೂ ಬೀಳಲೆಂದು. ಅತ್ತೆ ಮೈಕಿನ ಮುಂದೆ ಕುಳಿತರು.

"ಏನು ಓದಬೇಕಂತೆ?" ಎಂದು ಮಗಳನ್ನು ಕೇಳಿದರು. ಆಕೆ ಸಭೆಗೆಂದೇ ಬಂದಿದ್ದಳು. ಇನ್ನೂ ನೇರ ಮಾತಿಗೆ ಅತ್ತೆ ಸಿದ್ಧರಿರಲಿಲ್ಲ.

"ಏನು ಬೇಕಾದ್ರೂ ಓದಿ ಅತ್ತೆ. ಸ್ವಲ್ಪ ಉದ್ದ ಇರಲಿ. ನಿಲ್ಲಿಸಬೇಡಿ" ಎಂದ ಅಳಿಯ.

ಅತ್ತೆ ಪುಸ್ತಕ ಮುಚ್ಚಿದರು. ಕನ್ನಡಕ ಮಡಿಸಿದರು. ನದಿಗಳು ದಾರಿ ಸರಿಮಾಡಿಕೊಳ್ಳುತ್ತಿದ್ದ ಆ ದನಿಯಲ್ಲಿ, ಅಲ್ಪಪ್ರಾಣ ಮಹಾಪ್ರಾಣ ಒಂದೂ ತಪ್ಪದಂತೆ, ಓದತೊಡಗಿದರು:

"ನನ್ನ ಅಳಿಯ ಹಾಲು ಕಾಯಿಸಲು ಇಟ್ಟು ಪತ್ರಿಕೆ ಓದುತ್ತಾನೆ. ಹಾಲು ಉಕ್ಕಿದ ಮೇಲೆ, ಹಾಲು ಇಟ್ಟವರು ಯಾರು ಎಂದು ಕೇಳುತ್ತಾನೆ. ಮರೆತ ಛತ್ರಿಯನ್ನು ತರಲು ಹೋಗಿ ಚೀಲವನ್ನು ಮರೆತು ಬರುತ್ತಾನೆ. ಒಂದು ನಲ್ಲಿ ಸೋರಿದರೆ ಮೂರು ತರುತ್ತಾನೆ. ಆಫೀಸಿನಲ್ಲಿ ಕಳ್ಳನನ್ನು ಹುಡುಕಿ ತನ್ನನ್ನೇ ಹಿಡಿದುಕೊಡುತ್ತಾನೆ. ಒಟ್ಟಿನಲ್ಲಿ ನನ್ನ ಅಳಿಯನಿಗೆ ಬುದ್ಧಿ ಇಲ್ಲ. ಇಷ್ಟು ಸಾಕೇ?"

"ಸಾಕು ಸಾಕು" ಎಂದರು ನಿರ್ದೇಶಕರು, ಕಣ್ಣೊರೆಸಿಕೊಳ್ಳುತ್ತಾ. ದಫೇದಾರರ ಮೀಸೆ ನಡುಗುತ್ತಿತ್ತು.

ಅಳಿಯ ಗಂಭೀರವಾಗಿ ಧ್ವನಿಯನ್ನು ಮರುಕೇಳಿಸಿದ. ಹಾಲು ಉಕ್ಕಿತು. ಚೀಲ ಉಳಿಯಿತು. ನಲ್ಲಿ ಸೋರಿತು. ಆಮೇಲೆ ಯಂತ್ರ ಹೇಳಿತು: "ಒಟ್ಟಿನಲ್ಲಿ ನನ್ನ ಅಳಿಯನಿಗೆ ಬುದ್ಧಿ... ಇಷ್ಟು ಸಾಕೇ?"

ಮೊದಲು ಸಿಡಿದವರು ಅತ್ತೆ.

"ಇಲ್ಲ! ನಾನು ಇಲ್ಲ ಅಂದೆ! ಎಲ್ಲರೂ ಕೇಳಿಸ್ಕೊಂಡಿದ್ದೀರಿ!"

"ಅಂದ್ರಿ ಅಮ್ಮಾ!" ಎಂದರು ಲೆಕ್ಕಪತ್ರದ ಮೇಡಂ.

"ಸ್ಪಷ್ಟವಾಗಿ ಅಂದ್ರಿ. ನಾನು ಎಲ್ಲಿ ಬೇಕಾದ್ರೂ ಸಾಕ್ಷಿ ಹೇಳ್ತೀನಿ" ಎಂದರು ದಫೇದಾರರು.

"ಇಲ್ಲ ಅನ್ನೋದನ್ನ ನಾನೂ ಕೇಳಿದೆ" ಎಂದರು ಅಧ್ಯಕ್ಷೆ. "ನನ್ನ ಕಿವಿಗೆ ಬಿದ್ದದ್ದು ಯಂತ್ರಕ್ಕೆ ಬಿದ್ದಿಲ್ಲ. ಎಲ್ಲಿ ಹೋಯ್ತು?"

ಅಳಿಯ ಬೇರೆ ಕಂಪ್ಯೂಟರಿನಲ್ಲಿ ಬಂದಿದ್ದ ಜಾಡನ್ನು ಓದಿ ಹೇಳತೊಡಗಿದ. ಎಂದೂ ಒಂದು ವಾಕ್ಯ ನೆಟ್ಟಗೆ ಮುಗಿಸದ ಮನುಷ್ಯ ಅಂದು ಒಂದು ಕಡೆಯೂ ತಡವರಿಸಲಿಲ್ಲ. "ಬುದ್ಧಿ" ಫೈಲಿನ ಪದರದಿಂದ ಹೊರಟದ್ದು ಇಲ್ಲಿ. ಹಿಗ್ಗುವ ಪದರಕ್ಕೆ ಬಂದದ್ದು ಇಲ್ಲಿ. ಇಲ್ಲಿ ನಿಂತಿತು. ಕೆಳಗೆ ಹಳೆಯದರ ಓದು ಶುರು. ಒಂದು ನಕಲು, ಇನ್ನೊಂದು, ಮತ್ತೊಂದು. ಅದೆಲ್ಲ ಮುಗಿದ ಮೇಲೆ "ಬುದ್ಧಿ" ಗುಪ್ತಲಿಪಿಯಾಗಿ ಎರಡೂ ಡಿಸ್ಕುಗಳನ್ನು ಸೇರಿತು. ಅದು ಬಾಗಿಲಲ್ಲಿ ಕಾಯುತ್ತಿದ್ದಷ್ಟು ಹೊತ್ತು ಅದರ ಹಿಂದೆ ಬಂದ ಪದಕ್ಕೆ ನಿಲ್ಲಲು ಜಾಗವಿರಲಿಲ್ಲ. ಚೆಲ್ಲಿಹೋಯಿತು.

"ಆ ನಕಲುಗಳನ್ನ ಅಲ್ಲಿ ಇಟ್ಟಿದ್ದು ಯಾರು?" ಎಂದರು ಅಧ್ಯಕ್ಷೆ.

"ನಾನು" ಎಂದ ಅಳಿಯ. "ಹೆದರಿ ಇಟ್ಟೆ. ಮರೆತೆ. ಅತ್ತೆದೇನೂ ತಪ್ಪಿಲ್ಲ ಮೇಡಂ. ಅವರು ಒಂದಕ್ಷರಾನೂ ನುಂಗಿಲ್ಲ."

ದಫೇದಾರರು ಅಭ್ಯಾಸಬಲದಿಂದ ಎದ್ದು ನಿಂತರು. "ಮೇಡಂ, ನನ್ನ ಇಡೀ ಸರ್ವೀಸಿನಲ್ಲಿ ಜಾಡು ಹಿಡಿದು ತನ್ನ ಮನೆ ಬಾಗಿಲಿಗೇ ಬಂದು, ತಾನೇ ಬಾಗಿಲು ತೆಗೆದವನನ್ನ ನೋಡಿಲ್ಲ. ಅದೂ ಎರಡು ಸಲ."

ಅಧ್ಯಕ್ಷೆಯ ಅಪ್ಪಣೆಯಂತೆ ಅಳಿಯ ಸ್ನ್ಯಾಪ್‌ಶಾಟುಗಳನ್ನು ಒಂದೊಂದಾಗಿ ಅಳಿಸಿದ. ಅತ್ತೆ ಮತ್ತೆ ಮೈಕಿಗೆ ಬಾಗಿ ಅದೇ ಮಾತುಗಳನ್ನು, ಅದೇ ಉತ್ಸಾಹದಿಂದ ಓದಿದರು. ಅಳಿಯ ಮರುಕೇಳಿಸಿದ. ಹಾಲು, ಛತ್ರಿ, ನಲ್ಲಿ, ಕಳ್ಳ. "ಒಟ್ಟಿನಲ್ಲಿ ನನ್ನ ಅಳಿಯನಿಗೆ ಬುದ್ಧಿ ಇಲ್ಲ."

"ಬಂತು!" ಎಂದು ಅಳಿಯ ಕುಣಿದ. "ಇಲ್ಲ ಬಂತು! ಕೇಳಿಸ್ತಾ? ಬುದ್ಧಿ ಇಲ್ಲ! ಎಷ್ಟು ಸ್ಪಷ್ಟವಾಗಿದೆ! ಇನ್ನೊಂದು ಸಲ ಹಾಕ್ಲಾ?"

ಇನ್ನೊಂದು ಸಲ ಹಾಕಿದ. ಸಭೆ ಚಪ್ಪಾಳೆ ತಟ್ಟಿತು. ಕುರ್ಚಿ ಅಮ್ಮನದೇ, ಕೆಟ್ಟ ಪಾಠಗಳನ್ನೆಲ್ಲ ಅವರೇ ಮತ್ತೆ ಓದಲಿ ಎಂದು ಅಧ್ಯಕ್ಷೆ ಅಲ್ಲೇ ತೀರ್ಪು ಕೊಟ್ಟರು. ಅಳಿಯನ ಬಗ್ಗೆ ಏನು ಕ್ರಮ ಎಂದು ನಿರ್ದೇಶಕರು ಕೇಳಿದಾಗ, "ಇಂಥವರನ್ನ ಕಳಿಸಿದ್ರೆ ಮುಂದಿನ ತಪ್ಪನ್ನ ಹುಡುಕೋರು ಯಾರು?" ಎಂದರು. ನಿರ್ದೇಶಕರು ಹಾರದ ಕವರನ್ನು ಮೇಜಿನ ಕೆಳಗೆ ಸರಿಸಿದರು.

"ಸಾರ್, ಈ ಪರೀಕ್ಷೆಯ ಧ್ವನಿಮುದ್ರಣಾನ ಕೇಂದ್ರದಲ್ಲೇ ಇಟ್ಟಿರೋಣ" ಎಂದ ಅಳಿಯ, ಇನ್ನೂ ಅದೇ ಸಂಭ್ರಮದಲ್ಲಿ. "ಪುರಾವೆಗೆ."

"ಬೇಡ. ಅಳಿಸಿ" ಎಂದರು ಅತ್ತೆ. ನೇರವಾಗಿ ಅವನಿಗೇ ಹೇಳಿದರು. "ಅದರಲ್ಲಿ ಒಂದು ತಪ್ಪಿದೆ."

ಅಳಿಯ ಕಂಪ್ಯೂಟರಿಗೆ ತಿರುಗಿದ. "ತಪ್ಪೇ? ಎಲ್ಲಿ ಅತ್ತೆ? ಯಾವ ಪದ ಹೋಗಿದೆ?"

"ಯಾವುದೂ ಹೋಗಿಲ್ಲ. ಕೊನೇ ಪದ ತಪ್ಪು."

"ಇಲ್ಲ ಅನ್ನೋದೇ? ಉಚ್ಚಾರ ಸರಿಯಾಗೇ ಬಂದಿದೆಯಲ್ಲ?"

"ಉಚ್ಚಾರ ಸರಿ ಇದೆ" ಎಂದು ಅತ್ತೆ ಕನ್ನಡಕ ಹಾಕಿಕೊಂಡು ರಸಾಯನಶಾಸ್ತ್ರದ ಪುಸ್ತಕ ತೆರೆದರು. "ವಿಷಯ ತಪ್ಪು."

ಅಳಿಯ ಆ ಮುದ್ರಣವನ್ನು ಮತ್ತೆ ಮತ್ತೆ ಕೇಳಿ, ಜಾಡನ್ನೆಲ್ಲ ಮೇಲಿಂದ ಕೆಳಗೆ ಇನ್ನೊಮ್ಮೆ ಓದಿ, ತಪ್ಪೇನೂ ಕಾಣದೆ ಮನೆಗೆ ಹೋಗಿ ಹೆಂಡತಿಯನ್ನು ಕೇಳಿದ. ಆಕೆ ಬಿಡಿಸಿ ಹೇಳಬೇಕಾಯಿತು.